ಅಕ್ಕನ ದನಿಗೆ ಅನುಮತಿ

ಪುಣೆ, 3 ಆಗಸ್ಟ್ 2024
(ಧ್ವನಿ ಸಂದೇಶ)

ಅಕ್ಕಾ, ಅಶ್ವಥ್ ಮಾತಾಡ್ತಿರೋದು. ನಾನಲ್ದೆ ಇನ್ಯಾರು ಇಷ್ಟೊತ್ತಿನಾಗೆ ನಿನ್ನ ತಲೆ ತಿಂತಾರೆ. ಟೆರೇಸ್ ಮ್ಯಾಲೆ ನಿಂತೀನಿ, ಗಾಳಿ ಸದ್ದು ಬಂದ್ರೆ ಬೈಬ್ಯಾಡ. ರೂಮಿನಾಗೆ ನಾಲ್ಕು ಜನ ಮಲಗ್ಯಾರೆ, ಅಲ್ಲಿ ಮಾತಾಡಂಗಿಲ್ಲ.

ಡಬ್ಬಿ ಮುಟ್ಟೈತೆ ಅಂತ ಭಾವ ಮೆಸೇಜ್ ಹಾಕಿದ್ರು. ನೀನು ಅದನ್ನ ಬಿಚ್ಚದೇ ದೇವರ ಮುಂದೆ ಇಟ್ಟಿದೀಯಂತೆ. ಅದು ದೇವರಲ್ಲ ಅಕ್ಕ, ಚಾರ್ಜ್ ಹಾಕ್ಬೇಕು ಅದಕ್ಕೆ. ನೀನು ಕನ್ನಡದಾಗೆ ಟೈಪ್ ಮಾಡು, ಅದು ನಿನ್ನ ದನಿಯಾಗೇ ಮಾತಾಡ್ತೈತೆ. ಆಪರೇಷನ್‌ಗೆ ಮುಂಚೆ ದಾವಣಗೆರೆಯಾಗೆ ನಮ್ಮ ಕಾಲೇಜಿನ ಕೊಟ್ರೇಶಿ ರೂಮಿನಾಗೆ ಕೂತು ಪುಟಗಟ್ಟಲೆ ಓದಿದ್ಯಲ್ಲ, ಹೊರಗಿನ ಸದ್ದು ಬರಬಾರ್ದು ಅಂತ ಗೋಡೆಗೆಲ್ಲ ಹಾಸಿಗೆ ಕಟ್ಟಿದ್ನಲ್ಲ ಅವನು, ಆ ದನಿ. ಗಂಟಲು ಡಾಕ್ಟ್ರು ತಗೊಂಡ್ರು, ದನಿ ಡಬ್ಬಿಯಾಗೆ ಉಳೀತು. ‘ನನ್ನ ದನಿ ನನ್ನ ಹತ್ರಾನೇ ಇರ್ಬೇಕು’ ಅಂತ ಹಟ ಹಿಡಿದಿದ್ದೆ ನೀನು, ಅದಕ್ಕೇ ರೆಕಾರ್ಡಿಂಗ್ ಎಲ್ಲ ಆ ಡಬ್ಬಿಯೊಳಗೇ ಐತೆ, ಬೇರೆ ಎಲ್ಲೂ ಇಲ್ಲ.

ಡಬ್ಬಿ ಮಾಡೋದು ನಮ್ಮ ಕಂಪನಿ. ದನಿ ಓಡಿಸೋ ಕೋಡ್ ಬರೆದದ್ದು ಕೊಟ್ರೇಶಿ. ಹೊರಗಿನೋರು ಬರೆದ ಕೋಡ್ ನೇರವಾಗಿ ಡಬ್ಬಿ ಮುಟ್ಟಂಗಿಲ್ಲ. ಒಳಗೆ ವರ್ಚುವಲ್ ಮಷಿನ್ ಅಂತ ಒಂದೈತೆ, ಮಷಿನ್ನೊಳಗಿನ ಸುಳ್ಳು ಮಷಿನ್ ಅಂದ್ಕೋ, ಅದರಾಗೇ ಓಡ್ಬೇಕು. ಸ್ಪೀಕರ್ ಬೇಕಾದ್ರೆ ಕೇಳ್ಬೇಕು, ಫೈಲ್ ತೆಗೀಬೇಕಾದ್ರೆ ಕೇಳ್ಬೇಕು, ನೆಟ್‌ಗೆ ಹೋಗ್ಬೇಕಾದ್ರೂ ಕೇಳ್ಬೇಕು. ಯಾವ ಕೋಡಿಗೆ ಏನು ಕೊಡ್ಬೇಕು ಅಂತ ಒಂದು ಪಾಲಿಸಿ ಫೈಲ್ ಐತೆ. ಅದನ್ನ ಬರೆಯೋದು ನಾನು. ಅಷ್ಟೇ ನನ್ನ ಕೆಲಸ. ನೀನು ಕಂಡಕ್ಟರ್ ಆಗಿದ್ದಾಗ ಬಸ್ಸಿನಾಗೆ ಟಿಕೆಟ್ ಕೇಳ್ತಿದ್ದಂಗೆ. ನೀನು ಒಂದ್ಸಲ ಕೇಳ್ತಿದ್ದೆ, ಇದು ಪ್ರತಿ ಸ್ಟಾಪಿಗೂ ಕೇಳ್ತೈತೆ.

ನಿನ್ನಷ್ಟು ಕಟುಕ ಏನಲ್ಲ ಬಿಡು. ಕಾಲೇಜ್ ಪಾಸ್ ಮರೆತಿದ್ದಕ್ಕೆ ಸ್ವಂತ ತಮ್ಮನ್ನ ದೊಡ್ಡಬಾತಿಯಾಗೆ ಇಳಿಸಿದೋಳು ನೀನು. ಹರಿಹರದ ತನಕ ನಡ್ಕಂಡು ಬಂದಿದ್ದೆ. ಚಪ್ಪಲಿ ಕಿತ್ತುಹೋಗಿತ್ತು.

ಬಿಚ್ಚು ಅದನ್ನ. ಮೊದಲು ಏನು ಹೇಳಿಸ್ತೀಯ ಅಂತ ನಂಗೆ ಬರೀಬೇಕು. ಈ ತಿಂಗಳು ರಜೆ ಸಿಗಂಗಿಲ್ಲ. ಮುಂದಿನ ತಿಂಗಳು ನೋಡ್ತೀನಿ.


ಹರಿಹರ, 11 ಆಗಸ್ಟ್ 2024

ಪ್ರೀತಿಯ ತಮ್ಮ ಅಶ್ವಥನಿಗೆ,

ನಿನಗೆ ಫೋನಿನಲ್ಲಿ ಕುಟ್ಟುವುದಕ್ಕಿಂತ ಹಾಳೆಯ ಮೇಲೆ ಬರೆಯುವುದೇ ನನಗೆ ಸಲೀಸು. ಬರೆದು, ಪೂಜಾಳ ಕೈಯಲ್ಲಿ ಫೋಟೋ ತೆಗೆಸಿ ಕಳಿಸಿದ್ದೇನೆ. ಹಾಳೆಯ ಮೂಲೆಯಲ್ಲಿ ಅವಳ ಹೆಬ್ಬೆರಳು ಬಂದಿದ್ದರೆ ಕ್ಷಮಿಸು.

ಡಬ್ಬಿ ಬಿಚ್ಚಿದೆ. ಮೊದಲು ಏನು ಹೇಳಿಸಬೇಕೆಂದು ಗೊತ್ತಾಗದೆ, ಅಭ್ಯಾಸದಿಂದ ‘ಮುಂದಕ್ಕೆ ಹೋಗ್ರಿ, ಮುಂದೆ ಜಾಗ ಐತೆ’ ಎಂದು ಹೊಡೆದೆ. ಹೇಳಿಬಿಟ್ಟಿತು. ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದ ಪೂಜಾ ಓಡಿ ಬಂದು ನನ್ನ ಬಾಯಿ ನೋಡಿದಳು, ಆಮೇಲೆ ಕುತ್ತಿಗೆಯ ಬಟ್ಟೆ ನೋಡಿದಳು. ಒಂದನೇ ಕ್ಲಾಸಿನ ಮಗು, ಅವಳಿಗೇನು ತಿಳಿದೀತು. “ಗಂಟಲು ವಾಪಸ್ ಕೊಟ್ರೇನಮ್ಮ?” ಅಂದಳು. ಆ ದಿನ ಮಲಗುವ ತನಕ ನನ್ನ ಹತ್ತಿರ ಡಬ್ಬಿಯಿಂದ ಅವಳ ಹೆಸರು ಹೇಳಿಸಿಕೊಂಡಳು. ನಿಮ್ಮ ಭಾವ ಗುರುಮೂರ್ತಿಯವರು ಗುತ್ತೂರಿನ ಫ್ಯಾಕ್ಟರಿಯಿಂದ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಒಂದು ವಿಷಯ ಮಾತ್ರ ಸರಿಯಿಲ್ಲ. ನಿನ್ನೆ ಕೊಟ್ಟೂರೇಶ ತನ್ನ ಕೆಲಸ ಹೇಗೆ ಬಂದಿದೆ ನೋಡೋಣವೆಂದು ದಾವಣಗೆರೆಯಿಂದ ಬಂದಿದ್ದ. ನಾನು ಅವನೆದುರೇ ಡಬ್ಬಿ ಹಚ್ಚಿದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: ‘ಹೊರಗಿನ ಕೋಡ್. ನಂಬಿಕೆಯಿಲ್ಲ. ಓಡಲು ಬಿಡಬಹುದೇ?’ ಅವನು ಓದಿದ. ತಟ್ಟೆಯಲ್ಲಿ ಅರ್ಧ ಮಂಡಕ್ಕಿ ಹಾಗೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ.

ಕಾಲೇಜಿನಲ್ಲಿ ನಿನ್ನ ಜೊತೆ ಮೂರು ವರ್ಷ ನಮ್ಮ ಮನೆಯ ರೊಟ್ಟಿ ತಿಂದವನು. ನನ್ನ ದನಿ ಹಿಡಿದಿಡಲು ತನ್ನ ಮನೆಯ ಹಾಸಿಗೆ ಗೋಡೆಗೆ ಕಟ್ಟಿ, ತಾನು ಚಾಪೆಯ ಮೇಲೆ ಮಲಗಿದವನು. ಮನೆಗೆ ಬಂದವನಿಗೆ ಹಾಗೆ ಮುಖಕ್ಕೆ ಹೇಳಬಹುದೇ? ಆ ಸಾಲು ತೆಗೆದುಬಿಡು.

ನಿನ್ನ ಅಕ್ಕ,
ಸರೋಜಾ


ಪುಣೆ, 14 ಆಗಸ್ಟ್ 2024
(ಧ್ವನಿ ಸಂದೇಶ)

ಅಕ್ಕ, ನಕ್ಕು ನಕ್ಕು ಸಾಕಾತು. ಮಂಡಕ್ಕಿ ಬಿಟ್ಟು ಎದ್ನಾ ಅವನು? ಕೊಟ್ರೇಶಿ ಮಂಡಕ್ಕಿ ಬಿಡೋದಂದ್ರೆ ದೊಡ್ಡ ವಿಷಯಾನೇ.

ಆದ್ರೆ ಆ ಸಾಲು ತೆಗಿಯಂಗಿಲ್ಲ. ಅದು ಅವನಿಗೆ ಹೇಳೋದಲ್ಲ, ಕೋಡಿಗೆ ಹೇಳೋದು. ನಮ್ಮ ಫೈಲಿನಾಗೆ ಎರಡೇ ಭಾಗ ಇರೋದು. ನಮ್ಮ ಕಂಪನಿಯೋರು ಬರೆದದ್ದು ‘ನಮ್ಮದು’, ಉಳಿದದ್ದೆಲ್ಲ ‘ಹೊರಗಿನದು’. ನಮ್ಮದಕ್ಕೆ ಎಲ್ಲ ಬಾಗಿಲೂ ತೆಗೆದಿರ್ತೈತೆ, ಏನೂ ಕೇಳಲ್ಲ. ಹೊರಗಿನದಕ್ಕೆ ಎಷ್ಟು ಬೇಕೋ ಅಷ್ಟೆ, ಅದೂ ಬೇಕಾದ ಹೊತ್ತಿಗೆ ಕೇಳಿ. ಒಳ್ಳೇರು ಬರೆದ ಕೋಡೂ ಒಂದೊಂದ್ಸಲ ಕೆಟ್ಟ ಕೆಲಸ ಮಾಡ್ತೈತೆ, ಬರೆದೋರಿಗೂ ಗೊತ್ತಾಗಲ್ಲ. ಕೊಟ್ರೇಶಿಗೆ ನಾನೇ ಹೇಳ್ತೀನಿ ಬಿಡು, ಅವನು ಬೇಜಾರ್ ಮಾಡ್ಕಣಲ್ಲ.

ಪೂಜಾ ಹೆಸರು ಹೇಳಿದ್ದನ್ನ ರೆಕಾರ್ಡ್ ಮಾಡಿ ಕಳಿಸ್ತೀಯಾ? ಬ್ಯಾಡ ಬಿಡು. ಸುಮ್ನೆ ಕೇಳ್ದೆ.


ಹರಿಹರ, 8 ಸೆಪ್ಟೆಂಬರ್ 2024

ಪ್ರೀತಿಯ ತಮ್ಮನಿಗೆ,

ಗೌರಿ ಹಬ್ಬಕ್ಕೆ ಬರುತ್ತೀಯೆಂದು ಬಾಗಿಲು ನೋಡಿದ್ದೇ ಬಂತು. ನೀನು ಕಳಿಸಿದ ಸೀರೆ ಉಟ್ಟೆ.

ಡಬ್ಬಿಯ ಕಾಟ ಹೇಳುತ್ತೇನೆ ಕೇಳು. ದಾವಣಗೆರೆಯ ಮಂಡಿಪೇಟೆಯಲ್ಲಿ ಬಳೆ ಅಂಗಡಿಯವನಿಗೆ ‘ಇನ್ನೊಂದು ಅಳತೆ ತೋರ್ಸ್ರಿ’ ಎಂದು ಹೊಡೆದರೆ, ಅದು ಮೊದಲು ನನ್ನನ್ನು ‘ಸ್ಪೀಕರ್ ಬಳಸಬಹುದೇ’ ಎಂದು ಕೇಳಿತು. ಹೌದು ಒತ್ತಿದೆ. ‘ಫೈಲ್ ತೆರೆಯಬಹುದೇ’ ಎಂದಿತು. ಹೌದು ಒತ್ತಿದೆ. ಅಷ್ಟರಲ್ಲಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ್ದ. ಇಡೀ ಬಸ್ಸಿಗೆ ಕೇಳುವಂತೆ ಕೂಗಿ ಬದುಕಿದವಳು ನಾನು. ಒಂದು ಡಜನ್ ಬಳೆಗೆ ನಿನ್ನ ಡಬ್ಬಿಯನ್ನು ಅಂಗಲಾಚಿದೆ.

ಹಬ್ಬದ ದಿನ ಕೊಟ್ಟೂರೇಶನನ್ನು ಊಟಕ್ಕೆ ಕರೆದಿದ್ದೆ. ಹೋಳಿಗೆ ಬಡಿಸುವಾಗ ತಲೆ ತಗ್ಗಿಸಿ, “ಅಕ್ಕಾ, ನಾನು ಹೊರಗಿನೋನೇನು?” ಅಂದ. ತಮಾಷೆಗೆ ಅಂದನೋ ಏನೋ. ‘ಅಲ್ಲ ಕಣೋ’ ಎಂದು ಹೊಡೆದೆ. ಆ ಎರಡು ಮಾತು ಹೇಳುವುದಕ್ಕೆ ಡಬ್ಬಿ ನನ್ನ ಅನುಮತಿ ಕೇಳುತ್ತ ಕೂತಿತು. ಅವನು ನೋಡುತ್ತ ಕೂತ.

ನಿನ್ನ ಕಂಪನಿಯ ಕಾನೂನು ನನಗೆ ಬೇಡ. ಅವನನ್ನು ನಮ್ಮವರಲ್ಲಿ ಬರೆ.

ಸರೋಜಾ


ಪುಣೆ, 10 ಸೆಪ್ಟೆಂಬರ್ 2024
(ಧ್ವನಿ ಸಂದೇಶ)

ಆತು ಅಕ್ಕ, ಮಾಡೀನಿ. ಕೊಟ್ರೇಶಿ ಕೋಡನ್ನ ‘ನಮ್ಮದು’ ಅನ್ನೋದರಾಗೆ ಹಾಕ್ದೆ. ಅವನ ಕೋಡ್ ಓಡೋ ಡಬ್ಬಿಗೆಲ್ಲ ಒಂದೇ ಫೈಲು, ಹಂಗಾಗಿ ನಿನ್ನೊಬ್ಬಳದಲ್ಲ, ಎಲ್ಲಾರದೂ ಹಂಗೇ ಆತು. ಮ್ಯಾನೇಜರ್ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇನ್ಮ್ಯಾಲೆ ಅದು ಏನೂ ಕೇಳಲ್ಲ. ಬಳೆ ಅಂಗಡಿಯಾಗೆ ಬಾಯಿ ಜೋರು ಮಾಡು ಹೋಗು.

ಒಂದು ಮಾತು. ಸೆಟ್ಟಿಂಗಿನಾಗೆ ಕೆಳಗೆ ‘ಅನುಮತಿ ಹಿಂತೆಗೆ’ ಅಂತ ಒಂದು ಕೆಂಪು ಬಟನ್ ಐತೆ. ಅದನ್ನ ಮುಟ್ಬ್ಯಾಡ. ಒತ್ತಿದ್ರೆ ಅವನ ಕೋಡಿಗೆ ಕೊಟ್ಟದ್ದೆಲ್ಲ ವಾಪಸ್ ಹೋಗಿ ಕಂಪನಿ ದನಿ ಬರ್ತೈತೆ. ವಾರ್ತೆ ಓದೋ ಹೆಂಗಸಿನಂಗೆ.

ಹಬ್ಬಕ್ಕೆ ರಜೆ ಸಿಗ್ಲಿಲ್ಲ ಅಕ್ಕ. ನಿಜವಾಗ್ಲೂ.


ಹರಿಹರ, 20 ನವೆಂಬರ್ 2024

ಪ್ರೀತಿಯ ಅಶ್ವಥನಿಗೆ,

ಎರಡು ತಿಂಗಳಿಂದ ಬರೆಯಲಿಲ್ಲವೆಂದು ಸಿಟ್ಟೇ? ಹೇಳಲು ಬಹಳವಿದೆ. ಡಿಪೋದವರು ನನಗೆ ಹರಿಹರ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿ ಕೊಟ್ಟಿದ್ದಾರೆ. ಡಬ್ಬಿಯನ್ನು ಮೈಕಿನ ಮುಂದೆ ಇಟ್ಟು ಹೊಡೆಯುತ್ತೇನೆ: ‘ಮಲೆಬೆನ್ನೂರು, ಮಲೆಬೆನ್ನೂರು, ಹೊರಡಾಕ ರೆಡಿ ಐತೆ ಬರ್ರಿ.’ ನಿಲ್ದಾಣದ ತುಂಬ ನಾನೇ. ಮೊದಲ ದಿನ ಭತ್ತದ ಮಿಲ್ಲಿನ ಅಜ್ಜಿಯೊಬ್ಬಳು ಕಿಟಕಿಯೊಳಗೆ ಹಣಿಕಿ ಹಾಕಿ, “ನೀ ಸತ್ತೆ ಅಂದಿದ್ರಲ್ಲೇ, ಇಲ್ಲೇ ಅದೀಯ” ಅಂದಳು.

ಕೊಟ್ಟೂರೇಶ ದೀಪಾವಳಿಗೆ ಹೊಸ ಅಪ್‌ಡೇಟ್ ಹಾಕಿದ್ದಾನೆ. ಮೊದಲು ನನ್ನ ಡಬ್ಬಿಗೇ ಹಾಕಿದ, ಉಳಿದವರಿಗೆ ನಿಧಾನವಾಗಿ ಹೋಗುತ್ತದಂತೆ. ಈಗ ದನಿ ಎಷ್ಟು ಚೆನ್ನಾಗಿದೆ ಎಂದರೆ, ಪೂಜಾ ಏನೋ ತಮಾಷೆ ಮಾಡಿದಾಗ ‘ಹಹಹ’ ಎಂದು ಹೊಡೆದೆ, ಅದು ನಕ್ಕಿತು. ನಾನು ನಗುತ್ತಿದ್ದ ಹಾಗೇ, ಕೊನೆಗೆ ಉಸಿರು ಎಳೆದುಕೊಂಡು. ನಾನು ಅವನ ಮುಂದೆ ನಕ್ಕು ರೆಕಾರ್ಡ್ ಮಾಡಿದ ನೆನಪೇ ಇಲ್ಲ.

ಒಂದೇ ತೊಂದರೆ. ನಿಲ್ದಾಣದಲ್ಲಿ ನೆಟ್ ಹೋದರೆ ಡಬ್ಬಿ ಮೂಕಾಗುತ್ತದೆ. ಮೊದಲು ಹಾಗಿರಲಿಲ್ಲ. ಬ್ಯಾಟರಿ ಇರಬಹುದೇ?

ಪೂಜಾ ಈಗ ಡಬ್ಬಿ ನೋಡುವುದಿಲ್ಲ, ನನ್ನ ಮುಖವನ್ನೇ ನೋಡಿ ಉತ್ತರ ಕೊಡುತ್ತಾಳೆ. ಅದು ಸಾಕು ನನಗೆ.

ಸರೋಜಾ


ಪುಣೆ, 23 ನವೆಂಬರ್ 2024
(ಧ್ವನಿ ಸಂದೇಶ)

ಅಕ್ಕ, ಬ್ಯಾಟರೀನೇ ಇರ್ಬೇಕು, ಚಾರ್ಜರ್ ಬದಲಿಸಿ ನೋಡು. ನಾನು ಮತ್ತೆ ರೂಮ್ ಬದಲಿಸ್ದೆ. ಇದು ಮೂರನೇದು. ಇಲ್ಲಿ ಟೆರೇಸಿಗೆ ಬೀಗ ಹಾಕ್ತಾರೆ, ರೋಡಿನಾಗೆ ನಡೀತಾ ಮಾತಾಡ್ತಿದೀನಿ. ಯಾಕೋ ಒಂದು ಕಡೆ ಕೂರಾಕ ಆಗ್ತಿಲ್ಲ. ಕೆಲಸ ಬಿಟ್ಟು ನಾಸಿಕಕ್ಕೆ ಹೋಗೋಣ ಅಂತ ಒಬ್ಬ ಕರೀತಾನೆ. ನೋಡ್ಬೇಕು.

ಬಸ್ ಸ್ಟ್ಯಾಂಡಿನಾಗೆ ನಿನ್ನ ದನಿ. ಕೇಳ್ಬೇಕು ನಾನು. ಬರ್ತೀನಿ.


ಹರಿಹರ, 12 ಜನವರಿ 2025

ತಮ್ಮ,

ಇವತ್ತು ಒಂದು ವಿಚಿತ್ರ ನಡೆಯಿತು. ಪಕ್ಕದ ಮನೆಯ ಮೆಹರ್ ಬಾನು ನಗುತ್ತ ಬಂದು, “ಸರೋಜಕ್ಕ, ಹೊಸ ನೌಕರಿ ಸಿಕ್ಕೈತೆ, ನಮಗೆ ಹೇಳೇ ಇಲ್ಲಲ್ರಿ” ಅಂದಳು. ಅವಳ ಮನೆಯ ನೀರಿನ ಫಿಲ್ಟರ್ ಕೆಟ್ಟಿತ್ತಂತೆ, ಆ ಕಂಪನಿಗೆ ಫೋನ್ ಮಾಡಿದ್ದಳು. ನಾನು ಅರ್ಥವಾಗದೆ ನೋಡಿದ್ದಕ್ಕೆ ಮತ್ತೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದಳು.

“ನಮಸ್ಕಾರ. ನಿಮ್ಮ ಕರೆ ನಮಗೆ ತುಂಬಾ ಮುಖ್ಯ. ದಯವಿಟ್ಟು ಸ್ವಲ್ಪ ಕಾಯಿರಿ.”

ನಾನೇ ಅಶ್ವಥ. ನನ್ನ ಹಾಗೆ ಅಲ್ಲ, ನಾನೇ. ‘ಮುಖ್ಯ’ ಎನ್ನುವಾಗ ನಾನು ಎಳೆಯುವುದನ್ನು ನೀನು ಅಣಕಿಸುತ್ತಿದ್ದೆಯಲ್ಲ, ಅದೂ ಇತ್ತು. ನಾನು ಕುತ್ತಿಗೆಗೆ ಕೈ ಇಟ್ಟುಕೊಂಡು ನಿಂತಿದ್ದೆ, ನನ್ನ ದನಿ ಯಾರಿಗೋ ಕಾಯಲು ಹೇಳುತ್ತಿತ್ತು.

ಇದು ಹೇಗೆ ಆಯಿತು? ಕೊಟ್ಟೂರೇಶನನ್ನು ನಾನು ಕೇಳಿಲ್ಲ. ಮೊದಲು ನಿನ್ನನ್ನು ಕೇಳೋಣವೆಂದು.

ಸರೋಜಾ


ಪುಣೆ, 14 ಜನವರಿ 2025
(ಧ್ವನಿ ಸಂದೇಶ)

ಅಕ್ಕ, ಎರಡು ದಿನದಿಂದ ನಿನ್ನ ಡಬ್ಬಿ ಏನೇನು ಮಾಡೈತೆ ಅಂತ ನೋಡ್ತಾ ಕೂತಿದ್ದೆ. ಸೀದಾ ಹೇಳ್ತೀನಿ.

ದೀಪಾವಳಿ ಅಪ್‌ಡೇಟಿನಾಗೆ ಕೊಟ್ರೇಶಿ ಬೇರೆ ಯಾವುದೋ ಕಂಪನಿ ಕೋಡ್ ತಂದು ತನ್ನ ಕೋಡಿನೊಳಗೆ ಸೇರಿಸ್ಯಾನೆ. ದನಿ ನಯ ಮಾಡೋಕೆ. ಪುಕ್ಕಟೆ ಸಿಕ್ತೈತೆ ಅದು. ಅವನದನ್ನ ನಾನು ‘ನಮ್ಮದು’ ಅಂತ ಬರೆದಿದ್ನಲ್ಲ, ಅದರ ಹೊಟ್ಟೆಯಾಗಿದ್ದದ್ದೂ ‘ನಮ್ಮದು’ ಆತು. ಯಾರೂ ತಡೀಲಿಲ್ಲ. ನಿನ್ನ ರೆಕಾರ್ಡಿಂಗ್ ಎಲ್ಲಾನೂ ಅವರ ಸರ್ವರಿಗೆ ಕಳಿಸಿ, ಡಬ್ಬಿಯಾಗೆ ಜಾಗ ಉಳಿಸೋಕೆ ಅಂತ ಅಳಿಸಿ ಹಾಕೈತೆ. ನಿನ್ನ ದನಿ ಈಗ ಡಬ್ಬಿಯಾಗಿಲ್ಲ ಅಕ್ಕ. ನೀನು ಹೊಡೆದದ್ದು ಅಲ್ಲಿಗೆ ಹೋಗ್ತೈತೆ, ಅಲ್ಲಿಂದ ದನಿ ವಾಪಸ್ ಬರ್ತೈತೆ. ನೆಟ್ ಹೋದ್ರೆ ಮೂಕಾಗೋದು ಅದಕ್ಕೆ. ನೀನು ಹೇಳಿದ್ದೆ. ನಾನು ಚಾರ್ಜರ್ ಬದಲಿಸು ಅಂದೆ.

ನಿನ್ನ ದನಿ ಅವರು ಮಾರಾಟಕ್ಕೆ ಇಟ್ಟಾರೆ. ಫಿಲ್ಟರ್ ಕಂಪನಿಯೋರು ಅಲ್ಲಿಂದ ತಗೊಂಡಿರ್ಬೇಕು. ವಾಪಸ್ ಕೊಡ್ರಿ ಅಂತ ಬರೆದೆ. ಅಪ್‌ಡೇಟ್ ಹಾಕಿದೋನು ಒಪ್ಪಿಗೆ ಕೊಟ್ಟಾನೆ, ಅಳಿಸಂಗಿಲ್ಲ ಅಂತ ಮೂರು ಸಾಲಿನ ಉತ್ತರ.

ಕೊಟ್ರೇಶಿ ಫೋನ್ ಎತ್ತುತಿಲ್ಲ. ಎತ್ತಲ್ಲ ಅವನು. ಹಾಸಿಗೆ ಕಟ್ಟಿದ್ದು, ಹೋಳಿಗೆ ತಿಂದದ್ದು ಎಲ್ಲ ಇದಕ್ಕೇ. ಮನೆ ಬಾಗಿಲಿಗೆ ಬಂದ್ರೆ ಒಳಗೆ ಬಿಡಬ್ಯಾಡ.


ಹರಿಹರ, 19 ಜನವರಿ 2025

ತಮ್ಮ,

ಬಂದಿದ್ದ. ಒಳಗೆ ಬಿಡಬೇಡ ಎಂದು ನೀನು ಹೇಳಬೇಕಿರಲಿಲ್ಲ, ಅವನೇ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇದ್ದ.

“ನಿಮ್ಮ ನಗು ಬರ್ಲಿ ಅಂತ ಹಾಕ್ದೆ ಅಕ್ಕ. ನನ್ನ ಕೋಡಿಗೆ ನಗಾಕ ಬರ್ತಿರ್ಲಿಲ್ಲ,” ಅಂದ. “ಅದು ಏನೋ ಒಂದಿಷ್ಟು ಹೊರಗೆ ಕಳಿಸ್ತೈತೆ ಅಂತ ಬರೆದಿತ್ತು, ನಾನು ಪೂರ್ತಿ ಓದ್ಲಿಲ್ಲ. ಕಳಿಸಾಕ ಹೋದ್ರೂ ಅಶ್ವಥನ ಡಬ್ಬಿ ತಡೀತೈತೆ ಅಂದ್ಕಂಡಿದ್ದೆ. ಹೊರಗಿನೋರದ್ದು ಅಂದ್ರೆ ಅದು ಎಲ್ಲಾನೂ ಕೇಳ್ತೈತಲ್ಲ.”

ಅವನಿಗೆ ಗೊತ್ತಿರಲಿಲ್ಲ ಅಶ್ವಥ. ಅವನನ್ನು ನಮ್ಮವರಲ್ಲಿ ಬರೆಸಿದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಬರೀ ಆ ಸಾಲು ಕಾಣದಂತೆ ಮಾಡಿಸಿದೆ ಎಂದಿದ್ದೆ. ದೊಡ್ಡಸ್ತಿಕೆ ಹೇಳಿಕೊಂಡ ಹಾಗಾಗುತ್ತದೆಂದು ಸುಮ್ಮನಿದ್ದೆ. ನೀನು ಅವನಿಗೆ ಹೇಳಿದ್ದೆಯಾ?

ಅವನು ಹೋಗುವಾಗ ಡಬ್ಬಿ ಕೈಗೆ ತೆಗೆದುಕೊಂಡೆ. ‘ಊಟ ಮಾಡ್ಕಂಡು ಹೋಗು’ ಎಂದು ಹೊಡೆಯಬೇಕೆಂದಿದ್ದೆ. ಆ ಮಾತೂ ಎಲ್ಲಿಗೋ ಹೋಗಿ ಬರುತ್ತದೆಂದು ನೆನಪಾಗಿ ಕೈ ತಡೆಯಿತು. ಅಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಸರೋಜಾ


ಪುಣೆ, 24 ಜನವರಿ 2025
(ಧ್ವನಿ ಸಂದೇಶ)

ಇಲ್ಲ ಅಕ್ಕ. ನಾನೂ ಹೇಳಿರ್ಲಿಲ್ಲ ಅವನಿಗೆ.

ಈಗ ಮುಂದಿಂದು ಕೇಳು. ಕೊಟ್ರೇಶಿ ಕೋಡನ್ನ ಮತ್ತೆ ‘ಹೊರಗಿನದು’ ಅಂತ ಬರೆದು, ನೆಟ್ ಬಂದ್ ಮಾಡಿ, ಫೈಲ್ ಅಳಿಸೋ ಪರ್ಮಿಷನ್ ಕಿತ್ಕಂಡ್ರೆ ಮುಗೀತು. ಇನ್ನೂ ಅಪ್‌ಡೇಟ್ ಹೋಗದ ಡಬ್ಬಿ ಸುಮಾರು ಅದಾವೆ. ಅವರ ದನಿ ಇನ್ನೂ ಅವರ ಡಬ್ಬಿಯಾಗೇ ಐತೆ. ಸಾಂಗ್ಲಿಯಾಗೆ ಒಬ್ಬ ಮೇಷ್ಟ್ರು ಅದಾರೆ, ಅವರ ಹೆಂಡ್ತಿಗೆ ಕಣ್ಣು ಕಾಣಲ್ಲ, ಇವರಿಗೆ ಮಾತಿಲ್ಲ. ಆ ಡಬ್ಬಿ ಮ್ಯಾಲೇ ಇಬ್ಬರ ಸಂಸಾರ ನಡೀತೈತೆ. ಇವತ್ತು ಬಂದ್ ಮಾಡಿದ್ರೆ ಅವರದೆಲ್ಲ ಉಳೀತೈತೆ.

ನಿಂದು ಉಳಿಯಲ್ಲ. ನಿಂದು ಆಗಲೇ ಹೋಗೈತೆ. ನೆಟ್ ಬಂದ್ ಮಾಡಿದ ಗಳಿಗೆ ನಿನ್ನ ಡಬ್ಬಿಯಾಗೆ ಕಂಪನಿ ದನಿ ಬರ್ತೈತೆ.

ಒಂದೇ ಫೈಲು ಅಕ್ಕ. ನಿನಗೆ ತೆಗೆದಿಡ್ಬೇಕು ಅಂದ್ರೆ ಎಲ್ಲಾರಿಗೂ ತೆಗೆದಿಡ್ಬೇಕು. ಇದು ಇನ್ನೂ ಯಾರಿಗೂ ಗೊತ್ತಿಲ್ಲ, ನನಗೊಬ್ಬನಿಗೇ. ಅಪ್‌ಡೇಟ್ ನಿಧಾನಕ್ಕೆ ಹೋಗ್ತೈತೆ. ಒಂದೆರಡು ತಿಂಗಳು ನಾನು ಸುಮ್ನಿದ್ರೆ... ಅಷ್ಟರಾಗೆ ಏನಾದ್ರೂ ದಾರಿ ಸಿಗಬಹುದು. ನೀನು ಬ್ಯಾಡ ಅಂದ್ರೆ ನಾನು ಮುಟ್ಟಲ್ಲ ಅದನ್ನ. ಪೂಜಾನ್ನ ನೆನಸ್ಕಂಡು ಹೇಳು.


ಹರಿಹರ, 27 ಜನವರಿ 2025

ಅಶ್ವಥ,

ಪೂಜಾಳನ್ನು ನೆನೆಸಿಕೊಂಡೇ ಹೇಳುತ್ತಿದ್ದೇನೆ. ಬಂದ್ ಮಾಡು.

ದೊಡ್ಡಬಾತಿಯಲ್ಲಿ ನಿನ್ನನ್ನು ಇಳಿಸಿದ್ದನ್ನು ನೀನು ಇಷ್ಟು ವರ್ಷ ಆಡಿಕೊಂಡೆ. ಆ ದಿನ ನಾನು ಹಿಂದಿನ ಕಿಟಕಿಯಿಂದ ನೀನು ಕಾಣುವ ತನಕ ನೋಡುತ್ತಲೇ ಇದ್ದೆ. ಎರಡು ಸ್ಟಾಪಿನವರಿಗೆ ಟಿಕೆಟ್ ಹರಿಯುವುದು ಮರೆತು, ಆ ದುಡ್ಡನ್ನು ನನ್ನ ಕೈಯಿಂದ ಕಟ್ಟಿದೆ. ಆದರೆ ಅದೇ ಬಸ್ಸಿನಲ್ಲಿ ಪಾಸಿಲ್ಲದ ಇನ್ನೊಬ್ಬ ಹುಡುಗನನ್ನು ಆಗಲೇ ಇಳಿಸಿದ್ದೆ. ನಿನ್ನನ್ನು ಕೂರಿಸಿಕೊಂಡಿದ್ದರೆ ಅವನ ತಾಯಿಗೆ ನಾನು ಏನು ಹೇಳಬೇಕಿತ್ತು?

ಸಾಂಗ್ಲಿಯ ಆ ತಾಯಿಗೆ ಕಣ್ಣಿಲ್ಲವೆಂದೆ. ಗಂಡನ ದನಿ ಬದಲಾದರೆ ಆಕೆಗೆ ಗಂಡನೇ ಬದಲಾದ ಹಾಗೆ. ನನ್ನ ಮಗಳಿಗೆ ಕಣ್ಣಿದೆ. ನನ್ನ ಮುಖ ನೋಡುತ್ತಾಳೆ.

ಇವತ್ತೇ ಮಾಡು.

ಸರೋಜಾ


ಪುಣೆ, 30 ಜನವರಿ 2025
(ಧ್ವನಿ ಸಂದೇಶ)

ಆತಕ್ಕ. ಬಂದ್ ಮಾಡೀನಿ. ನಿನ್ನ ಡಬ್ಬಿಗೆ ಬರೋದು ಸ್ವಲ್ಪ ತಡ ಆಗಬಹುದು. ದಿನ ಹಿಡೀತೈತೆ ಒಂದೊಂದ್ಸಲ. ಮಾತಾಡಿಸ್ತಾ ಇರು ಪೂಜಾನ್ನ.


ಹರಿಹರ, 16 ಫೆಬ್ರವರಿ 2025

ತಮ್ಮ,

ಮೊದಲ ದಿನ ಬೆಳಿಗ್ಗೆ ಎದ್ದು ಡಬ್ಬಿ ಹಚ್ಚಿದೆ. ನನ್ನ ದನಿಯೇ ಬಂತು. ಮರುದಿನವೂ ಬಂತು. ತಡವಾಗುತ್ತದೆ ಎಂದಿದ್ದೆಯಲ್ಲ, ನಂಬಿದೆ. ಸುಳ್ಳು ಏಕೆ, ನಂಬಲು ನನಗೂ ಇಷ್ಟವಿತ್ತು. ಪ್ರತಿ ದಿನ ಇವತ್ತೊಂದು ದಿನ ಸಿಕ್ಕಿತು ಎಂದುಕೊಂಡು, ಪೂಜಾಳಿಗೆ ಕಥೆ ಹೇಳಿದೆ, ಬೈದೆ, ಮಗ್ಗಿ ಹೇಳಿಸಿದೆ. ಎರಡು ವಾರವಾಯಿತು. ನೀನು ಬಂದ್ ಮಾಡಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ರಜೆ ಸಿಗುತ್ತಿಲ್ಲವೆಂದು ನಾನು ನಂಬಿದ್ದೂ ಹೀಗೆಯೇ. ಕುತ್ತಿಗೆಯಲ್ಲಿ ತೂತಿರುವ ಅಕ್ಕನನ್ನು ನೋಡಲು ನಿನ್ನಿಂದ ಆಗುತ್ತಿಲ್ಲ. ಡಬ್ಬಿ ಮಾತಾಡುವ ತನಕ ನಾನು ಮೊದಲಿನ ಹಾಗೇ ಇದ್ದೇನೆಂದು ನಿನಗೆ. ಅಲ್ಲಿದ್ದುಕೊಂಡು ಅದನ್ನೇ ಕಾಯುತ್ತಿದ್ದೀಯ.

ನಿನ್ನೆ ಸಂಜೆ ನಿಲ್ದಾಣದ ಕೊನೆಯ ಬಸ್ಸು ಕೂಗಿಸಿದೆ. ಮನೆಗೆ ಬಂದು ಪೂಜಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನು ಹೇಳಿಸಲಿ ಎಂದು ಸ್ಲೇಟಿನ ಮೇಲೆ ಬರೆದು ಕೇಳಿದೆ. “ನನ್ನ ಹೆಸರು” ಅಂದಳು. ಹೇಳಿಸಿದೆ. “ಇನ್ನೊಂದ್ಸಲ” ಅಂದಳು. ಹೇಳಿಸಿದೆ. ಅವಳು ನಿದ್ದೆ ಹೋದ ಮೇಲೆ ನೀನು ಮುಟ್ಟಬೇಡ ಎಂದಿದ್ದ ಕೆಂಪು ಬಟನ್ ಒತ್ತಿದೆ. ಅದು, ‘ಅನುಮತಿ ಹಿಂತೆಗೆಯಲು ಖಚಿತವೇ?’ ಎಂದು ಕೇಳಿತು. ಬಹಳ ದಿನದ ಮೇಲೆ ಅದು ನನ್ನನ್ನು ಏನನ್ನೋ ಕೇಳಿದ್ದು. ಹೌದು ಒತ್ತಿದೆ.

ನನ್ನ ಡಬ್ಬಿಯನ್ನು ನಾನೇ ಮುಚ್ಚಿದ್ದೇನೆ. ಇನ್ನು ಯಾರಿಗೋಸ್ಕರ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದೀಯ?

ಸರೋಜಾ


ಪುಣೆ, 21 ಫೆಬ್ರವರಿ 2025
(ಧ್ವನಿ ಸಂದೇಶ)

ಅಕ್ಕ. ನಿನ್ನ ಪತ್ರ ಬಂದ ಗಳಿಗೇನೇ ಮಾಡ್ದೆ. ಬಂದಾತು. ನೀನು ನಂಬಲ್ಲ ಅಂತ ಗೊತ್ತು, ಆದ್ರೆ ಆತು.

ಸಾಂಗ್ಲಿ ಮೇಷ್ಟ್ರ ಡಬ್ಬಿ... ಅದಕ್ಕೆ ಹನ್ನೆರಡನೇ ತಾರೀಕು ಅಪ್‌ಡೇಟ್ ಹೋಗೈತೆ. ಅವರ ದನೀನೂ ಆಗಲೇ ಹೊರಗೆ ಹೋಗಿತ್ತು, ನಾನು ಬಂದ್ ಮಾಡಿದ ಕೂಡ್ಲೇ ಕಂಪನಿ ದನಿ ಬಂತು. ನೀನು ಇವತ್ತೇ ಮಾಡು ಅಂದಾಗ ಮಾಡಿದ್ರೆ ಉಳೀತಿತ್ತು. ಅವರ ಮಗ ಆಫೀಸಿಗೆ ಫೋನ್ ಮಾಡಿದ್ದ. ಅಪ್ಪನ ಮಾತು ಬದಲಾಗೈತೆ, ಅಮ್ಮ ಆ ಡಬ್ಬಿಗೆ ಉತ್ತರ ಕೊಡ್ತಿಲ್ಲ ಅಂದ. ಫೋನ್ ತಗೊಂಡೋನು ನಾನೇ. ಬ್ಯಾಟರಿ ಇರ್ಬೇಕು ಅನ್ನಾಕ ಬಾಯಿ ಬರ್ಲಿಲ್ಲ.

ಮ್ಯಾನೇಜರಿಗೆ ಎಲ್ಲ ಹೇಳ್ದೆ. ಸೋಮವಾರದಿಂದ ಬರಬ್ಯಾಡ ಅಂದ್ರು. ಬೈಲಿಲ್ಲ, ಕೂಗಾಡ್ಲಿಲ್ಲ. ನನ್ನ ಹೆಸರಿಗೆ ಇದ್ದ ಪರ್ಮಿಷನ್ ಎಲ್ಲ ನನ್ನ ಎದುರಿಗೇ ಒಂದೊಂದಾಗಿ ತೆಗೆದ್ರು.

ಕೊಟ್ರೇಶಿಗೂ ಫೋನ್ ಮಾಡಿದ್ದೆ. ಎತ್ತಿದ. ನನ್ನ ದನಿ ಕೇಳಿ ಇಟ್ಟ ಅಕ್ಕ.

ಲೆಕ್ಕ ಮುಗಿಸೋಕೆ ಎರಡು ವಾರ ಆಗಬಹುದು. ಬರ್ತೀನಿ. ಈ ಸಲ ರಜೆ ಕೇಳೋದೇನಿಲ್ಲ. ನಿನ್ನನ್ನ ನೋಡಿ ನಾನು ಏನಾದ್ರೂ ಮಖ ಮಾಡಿದ್ರೆ ದೊಡ್ಡಬಾತಿಗೆ ಕಳಿಸ್ಬಿಡು.

ಪೂಜಾ ಹೆಂಗಿದಾಳೆ? ನೀನು ಅವಳದ್ದು ಏನೂ ಬರೆದಿಲ್ಲ.


ಹರಿಹರ, 9 ಮಾರ್ಚ್ 2025

ಪ್ರೀತಿಯ ತಮ್ಮ,

ನೀನು ರೈಲು ಹತ್ತುವ ಮುಂಚೆ ಇದು ಮುಟ್ಟಲಿ. ಬಂದ ಮೇಲೆ ಸ್ಲೇಟಿನ ಮೇಲೆ ಬರೆಯಲು ನನ್ನಿಂದ ಆಗುವುದಿಲ್ಲ, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ಕಂಪನಿಯ ದನಿಯನ್ನು ಪೂಜಾ ‘ಆ ಆಂಟಿ’ ಎನ್ನುತ್ತಾಳೆ. ಮೊದಲ ಬೆಳಿಗ್ಗೆ ಅದು ಅವಳ ಹೆಸರು ಕರೆದಾಗ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ನಾನು ಡಬ್ಬಿ ಕೈಗೆ ತೆಗೆದುಕೊಂಡರೆ, “ಆ ಆಂಟಿ ಬ್ಯಾಡ, ಸ್ಲೇಟ್ ತಗೋ” ಎನ್ನುತ್ತಾಳೆ. ನನ್ನ ಮುಖ ನೋಡುತ್ತಾಳೆ ಎಂದು ನಿನಗೆ ಬರೆದಿದ್ದೆ. ದನಿ ಬರುತ್ತಿದ್ದುದರಿಂದ ನೋಡುತ್ತಿದ್ದಳು. ಈಗ ಸ್ಲೇಟ್ ನೋಡುತ್ತಾಳೆ. ನಿಲ್ದಾಣದಲ್ಲಿ ಜನ ಹೊಂದಿಕೊಂಡಿದ್ದಾರೆ. ಮಲೆಬೆನ್ನೂರು ಎನ್ನುವುದನ್ನು ಆ ಹೆಂಗಸು ಬಹಳ ಶುದ್ಧವಾಗಿ ಹೇಳುತ್ತಾಳೆ, ಬಸ್ಸಂತೂ ತಪ್ಪುವುದಿಲ್ಲ.

ಕೆಲವು ದಿನದಿಂದ ಪೂಜಾ ಶಾಲೆಯಿಂದ ಬಂದವಳು ಚೀಲ ಎಸೆದು ಮೆಹರ್ ಬಾನು ಮನೆಗೆ ಓಡುತ್ತಿದ್ದಳು. ಅವರ ಮನೆಯ ಬೆಕ್ಕು ಮರಿ ಹಾಕಿದೆ, ಅದಕ್ಕಿರಬೇಕೆಂದುಕೊಂಡಿದ್ದೆ. ನಿನ್ನೆ ಹೊತ್ತಾಯಿತೆಂದು ಕರೆಯಲು ಹೋದೆ. ಮೆಹರ್ ಬಾನು ಬಾಗಿಲಲ್ಲೇ ನನ್ನ ಕೈ ಹಿಡಿದು, “ಬೈಬ್ಯಾಡ್ರಿ ಸರೋಜಕ್ಕ, ನಾನೇ ಕೊಟ್ಟೀನಿ” ಅಂದಳು. ಅವಳ ಕಣ್ಣು ಕೆಂಪಾಗಿತ್ತು.

ಒಳಗೆ ಮೂಲೆಯಲ್ಲಿ ಪೂಜಾ ಕಾಲು ಚಾಚಿ ಕೂತಿದ್ದಳು. ಮೆಹರ್ ಬಾನುವಿನ ಫೋನು ಕಿವಿಗೆ ಒತ್ತಿಕೊಂಡಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಯಾರು ಎಂದು ನಾನು ಕೈಸನ್ನೆ ಮಾಡಿದೆ.

“ನೀನೇ,” ಅಂದಳು ಪಿಸುದನಿಯಲ್ಲಿ. “ಸ್ವಲ್ಪ ಕಾಯಿ ಅಂದೀಯ. ಕಾಯ್ತಿದೀನಿ.”

ನಾನು ಫೋನ್ ಕಸಿದುಕೊಳ್ಳಲಿಲ್ಲ ಅಶ್ವಥ. ಪಕ್ಕದಲ್ಲಿ ಕೂತೆ. ಅವಳು ಫೋನನ್ನು ನಮ್ಮಿಬ್ಬರ ಕಿವಿಯ ನಡುವೆ ಹಿಡಿದಳು. ಲೈನ್ ಕಟ್ಟಾಗುವ ತನಕ ಇಬ್ಬರೂ ಕೇಳಿದೆವು. ಆಮೇಲೆ ಅವಳು ಮತ್ತೆ ಅದೇ ನಂಬರು ಒತ್ತಿದಳು.

ಸರೋಜಾ